ಪರದೆಯಿಂದ ತೆರೆಗೆ: ಕೊಲ್ಹಾಪುರದ ಬಾಬೂರಾವ್ ಪೇಂಟರ್

ಶೈಕ್ಷಣಿಕ ಪ್ರವಾಸವೆಂದರೆ ಗಡಹಿಂಗ್ಲಜ ಭಾಗದ ನಮ್ಮ ಮಕ್ಕಳಿಗೆ ಬಹುತೇಕ ಕೊಲ್ಹಾಪುರವೇ. ಮಹಾಲಕ್ಷ್ಮಿಯ ದರ್ಶನ, ಹೊಸ ಅರಮನೆ, ರಂಕಾಳ ಕೆರೆಯ ದಂಡೆಯಲ್ಲಿ ಬುತ್ತಿಯೂಟ, ಹೊತ್ತು ಉಳಿದರೆ ಪನ್ಹಾಳ. ಕೆಲವು ವರ್ಷಗಳ ಹಿಂದೆ ಅಂಥದೊಂದು ಪ್ರವಾಸದಲ್ಲಿ ಖರಿ ಕಾರ್ನರ್‌ನ ಬಳಿ ಮಕ್ಕಳ ಸಾಲು ನಿಂತಿತು. ಅಲ್ಲಿರುವ ಸ್ಮಾರಕ ಸ್ತಂಭದ ಮೇಲೆ ದೇವರೂ ಇಲ್ಲ, ದೊರೆಯೂ ಇಲ್ಲ. ಇರುವುದು ಒಂದು ಚಲನಚಿತ್ರ ಕ್ಯಾಮೆರಾ. ಬಾಬೂರಾವ್ ಪೇಂಟರ್ ಎಂಬವರ ನೆನಪಿಗೆ ಎಂದು ಹೇಳಿ ಮುಂದೆ ಹೊರಟೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಅವರು ನಮ್ಮವರೋ ಮರಾಠಿಯವರೋ ಎಂದು ಕೇಳಿದಳು. ಮರಾಠಿಯವರು ಎಂದು ಒಂದೇ ಮಾತಿನಲ್ಲಿ ಉತ್ತರಿಸಿದೆ. ಉತ್ತರ ತಪ್ಪಾಗಿರಲಿಲ್ಲ, ಆದರೂ ಅದು ನನ್ನನ್ನು ಬಹಳ ದಿನ ಕಾಡಿತು. ಗಡಿಯಲ್ಲಿ ಬೆಳೆಯುವ ಮಗುವೊಂದು ತಾನು ನಿತ್ಯ ನೋಡುವ ಊರಿನ ದೊಡ್ಡವರನ್ನು ಹೀಗೆ ಎರಡು ಪಾಲು ಮಾಡಿ, ಒಂದು ಪಾಲನ್ನು ಬದಿಗಿಡುವುದನ್ನು ಕಲಿತದ್ದು ನಮ್ಮಿಂದಲೇ ಅಲ್ಲವೇ? ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಬೂರಾವ್ ಕೃಷ್ಣರಾವ್ ಮೇಸ್ತ್ರಿ ಕೊಲ್ಹಾಪುರದಲ್ಲಿ 1890ರ ಜೂನ್ 3ರಂದು ಜನಿಸಿದರು. ಮೇಸ್ತ್ರಿ ಎಂಬ ಹೆಸರೇ ಮನೆತನದ ಕಸುಬನ್ನು ಸಾರುತ್ತದೆ. ತಂದೆ ಕೃಷ್ಣರಾವ್ ಕೈಕೆಲಸದವರು. ಚಿತ್ರ ಬರೆಯುವುದು, ಮೂರ್ತಿ ಕಡೆಯುವುದು ಕೂಡ ಅವರಿಗೆ ಒಲಿದಿತ್ತು. ಬಾಬೂರಾವ್ ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಚಿತ್ರಕಲೆಯನ್ನೂ ಶಿಲ್ಪವನ್ನೂ ಮನೆಯಲ್ಲೇ, ನೋಡುತ್ತ ಮಾಡುತ್ತ ಕಲಿತರು. ಶಿಕ್ಷಕನಾದ ನಾನು ಇದನ್ನು ಒತ್ತಿ ಹೇಳಲು ತುಸು ಹಿಂಜರಿಯುತ್ತೇನೆ. ಶಾಲೆ ಬೇಡವೆಂದು ಹೇಳಿದಂತಾದೀತು. ಆದರೆ ಮಾತೃಭಾಷೆಯಲ್ಲಿ ಮಾತನಾಡುವ ತಂದೆಯ ಪಕ್ಕದಲ್ಲಿ ಕುಳಿತು, ಉಳಿ ಹಿಡಿಯುವ ಬಗೆಯನ್ನೂ ಬಣ್ಣ ಅರೆಯುವ ಹದವನ್ನೂ ಕಲಿಯುವುದು ಕೂಡ ಒಂದು ಶಾಲೆಯೇ. ಆ ಶಾಲೆಯಲ್ಲಿ ಅವರ ಸಹಪಾಠಿ ಎಂದರೆ ದಾಯಾದಿ ಸೋದರ ಆನಂದರಾವ್. ಇಬ್ಬರಿಗೂ ಕಸುಬಿನಿಂದಲೇ ಪೇಂಟರ್ ಎಂಬ ಹೆಸರು ಅಂಟಿಕೊಂಡಿತು. ಮೇಸ್ತ್ರಿ ಎಂಬುದು ಮರೆಯಾಯಿತು.

ಸುಮಾರು 1910ರಿಂದ 1916ರವರೆಗೆ ಈ ಸೋದರರು ಮಾಡಿದ ಮುಖ್ಯ ಕೆಲಸವೆಂದರೆ ನಾಟಕದ ಪರದೆಗಳನ್ನು ಬರೆಯುವುದು. ಮರಾಠಿ ಸಂಗೀತ ನಾಟಕ ಮಂಡಳಿಗಳೂ ಗುಜರಾತಿ, ಪಾರ್ಸಿ ಕಂಪನಿಗಳೂ ಇವರ ಪರದೆಗಳನ್ನು ಬಯಸುತ್ತಿದ್ದವು. ಪಶ್ಚಿಮ ಭಾರತದ ಪರದೆ ಚಿತ್ರಕಾರರಲ್ಲಿ ಇವರದು ಮುಂಚೂಣಿಯ ಹೆಸರು. ಇಂದಿನ ಮಕ್ಕಳಿಗೆ ಪರದೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿದೆ. ಸ್ನೇಹ ಸಮ್ಮೇಳನಗಳಲ್ಲಿ ಈಗ ಫ್ಲೆಕ್ಸ್ ಕಟ್ಟುತ್ತೇವೆ, ಅದರಲ್ಲಿ ಅತಿಥಿಗಳ ಮುಖಗಳೇ ಹೆಚ್ಚು. ಆಗಿನ ಪರದೆ ಬೇರೆ. ಸಪಾಟಾದ ಬಟ್ಟೆಯ ಮೇಲೆ ಅರಮನೆಯ ಕಂಬಸಾಲು ದೂರ ಹೋದಂತೆ ಕಿರಿದಾಗಬೇಕು, ಕಾಡಿನ ದಾರಿ ಒಳಕ್ಕೆ ಹರಿಯಬೇಕು, ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಅದು ನಿಜವೆನಿಸಬೇಕು. ಅದೂ ಮಂಕು ದೀಪದ ಬೆಳಕಿನಲ್ಲಿ. ಬೆಳಕು ಎಲ್ಲಿಂದ ಬೀಳುತ್ತದೆಂದು ತಿಳಿಯದವನು ಪರದೆ ಬರೆಯಲಾರ.

ಈ ಪರದೆಯ ಹಿಂದೆ ನಮ್ಮದೊಂದು ಕಥೆಯೂ ಇದೆ. ಉತ್ತರ ಕನ್ನಡದ ಹೊನ್ನಾವರದ ಸಮೀಪದ ಕರ್ಕಿಯ ಭಾಗವತ ಮೇಳವು 1842ರ ಸುಮಾರಿಗೆ ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಮೆಚ್ಚಿದ ಸಾಂಗಲಿಯ ಅರಸ ಚಿಂತಾಮಣರಾವ್ ಪಟವರ್ಧನರು ಇಂಥದನ್ನು ಮರಾಠಿಯಲ್ಲಿಯೂ ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಸೀತಾ ಸ್ವಯಂವರ ರಂಗಕ್ಕೆ ಬಂತು. ಮರಾಠಿ ರಂಗಭೂಮಿಯ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತಾರೆ. ಕೊಡುಕೊಳ್ಳುವಿಕೆ ಒಂದೇ ದಿಕ್ಕಿನದಾಗಿರಲಿಲ್ಲ. ಬಾಬೂರಾವ್ ಅವರ ಓರಗೆಯವರೇ ಆದ, ಕೊಲ್ಹಾಪುರದ ಗಾಯಕ ನಟ ಕೇಶವರಾವ್ ಭೋಸಲೆ ತಮ್ಮ ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಕಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಮರಾಠಿ ನಾಟಕಗಳ ರುಚಿ ಹತ್ತಿದ ಮೇಲೆ ಉತ್ತರ ಕರ್ನಾಟಕದ ಕಂಪನಿಗಳ ವೇಷ, ಸಂಗೀತ, ಪರದೆ ಎಲ್ಲವೂ ಬದಲಾದವು. ಕರ್ಕಿಯಿಂದ ಸಾಂಗಲಿಗೆ, ಸಾಂಗಲಿಯಿಂದ ಕೊಲ್ಹಾಪುರಕ್ಕೆ, ಮತ್ತೆ ಹುಬ್ಬಳ್ಳಿಗೆ ಎತ್ತಿನ ಗಾಡಿಯಲ್ಲೂ ರೈಲಿನಲ್ಲೂ ಪೆಟ್ಟಿಗೆ ಹೊತ್ತು ತಿರುಗಿದ ಆ ಜನರಿಗೆ ರಾಜ್ಯಗಳ ಗಡಿ ಯಾವುದೆಂದು ಕೇಳಿದ್ದರೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

1913ರಲ್ಲಿ ದಾದಾಸಾಹೇಬ ಫಾಳ್ಕೆಯವರ ರಾಜಾ ಹರಿಶ್ಚಂದ್ರ ಬಂದಿತು. ಅದನ್ನು ಕಂಡ ಸೋದರರಿಬ್ಬರಿಗೂ ಪರದೆಯ ಮೇಲೆ ನಿಂತ ಚಿತ್ರಕ್ಕಿಂತ ತೆರೆಯ ಮೇಲೆ ಓಡುವ ಚಿತ್ರದ ಹುಚ್ಚು ಹಿಡಿಯಿತು. ಮುಂಬಯಿಯ ಹಳೆ ಸಾಮಾನುಗಳ ಪೇಟೆಯಲ್ಲಿ ಒಂದು ಪ್ರೊಜೆಕ್ಟರ್ ಕೊಂಡು ತಂದು, ಚಿತ್ರಗಳನ್ನು ತೋರಿಸುತ್ತ ಆ ವಿದ್ಯೆಯನ್ನು ಅಭ್ಯಾಸ ಮಾಡಿದರು. ಕ್ಯಾಮೆರಾ ಕೊಳ್ಳುವಷ್ಟು ಹಣವಿರಲಿಲ್ಲ. ಹಾಗಾದರೆ ನಾವೇ ಮಾಡೋಣವೆಂದು ಆನಂದರಾವ್ ಕೈಹಚ್ಚಿದರು.

ಇದು ಎಂಥ ಸಾಹಸವೆಂಬುದು ಯಂತ್ರದ ಕೆಲಸವನ್ನು ತಿಳಿದರೆ ಮಾತ್ರ ಮನವರಿಕೆಯಾದೀತು. ಚಲನಚಿತ್ರ ಕ್ಯಾಮೆರಾದಲ್ಲಿ ಫಿಲ್ಮಿನ ಸುರುಳಿ ಒಂದೇ ಸಮನೆ ಓಡುವುದಿಲ್ಲ. ಫಿಲ್ಮಿನ ಅಂಚಿನ ರಂಧ್ರಗಳಲ್ಲಿ ಪುಟ್ಟ ಕೊಕ್ಕೆಯೊಂದು ಸಿಕ್ಕಿಕೊಂಡು ಅದನ್ನು ಒಂದು ಚೌಕಟ್ಟಿನಷ್ಟು ಕೆಳಗೆಳೆಯಬೇಕು, ಬಿಡಬೇಕು. ಫಿಲ್ಮು ಅಲುಗದೆ ನಿಂತ ಆ ಕ್ಷಣದಲ್ಲಿ ಮಾತ್ರ ಬೆಳಕು ಒಳಗೆ ಬೀಳಬೇಕು. ಎಳೆಯುವಾಗ ಬೆಳಕನ್ನು ಮುಚ್ಚಬೇಕು. ಮೂಕಿ ಚಿತ್ರಗಳ ಕಾಲದಲ್ಲಿ ಇದು ಸೆಕೆಂಡಿಗೆ ಸುಮಾರು 16 ಸಲ, ಕೈಯಿಂದ ಹಿಡಿ ತಿರುಗಿಸುತ್ತ ನಡೆಯಬೇಕಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಚಿತ್ರ ತೆರೆಯ ಮೇಲೆ ಕುಣಿಯುತ್ತದೆ. ಪ್ರೊಜೆಕ್ಟರ್ ಕೂಡ ಇದೇ ತತ್ತ್ವದ ಯಂತ್ರವಾದ್ದರಿಂದ ಅದನ್ನು ಅರಿತವನಿಗೆ ಕ್ಯಾಮೆರಾದ ಒಳಗುಟ್ಟು ಅರ್ಧ ತಿಳಿದಂತೆ. ಉಳಿದರ್ಧ ಲೋಹ ಮತ್ತು ತಾಳ್ಮೆ. ಕೆಲಸ ಮುಗಿಯುವ ಮೊದಲೇ, 1916ರಲ್ಲಿ, ಆನಂದರಾವ್ ತೀರಿಕೊಂಡರು. ಬಾಬೂರಾವ್ ತಮ್ಮ ಶಿಷ್ಯ ವಿಷ್ಣುಪಂತ ದಾಮ್ಲೆಯವರನ್ನು ಜೊತೆಗಿಟ್ಟುಕೊಂಡು ಅದನ್ನು ಮುಂದುವರಿಸಿದರು. 1918ರ ಹೊತ್ತಿಗೆ ಕೊಲ್ಹಾಪುರದಲ್ಲಿ, ಕೊಲ್ಹಾಪುರದವರ ಕೈಯಿಂದ ತಯಾರಾದ ಕ್ಯಾಮೆರಾ ಚಿತ್ರ ಹಿಡಿಯತೊಡಗಿತು. ಖರಿ ಕಾರ್ನರ್‌ನ ಸ್ತಂಭದ ಮೇಲೆ ವ್ಯಕ್ತಿಯ ಮುಖದ ಬದಲು ಯಂತ್ರವನ್ನೇಕೆ ಇಟ್ಟಿದ್ದಾರೆಂಬುದು ನನಗೆ ತಿಳಿದದ್ದು ಇದನ್ನು ಓದಿದ ಮೇಲೆ.

ಯಂತ್ರವಿದ್ದರೂ ಬಂಡವಾಳ ಬೇಕಲ್ಲ. ಮಹಾರಾಷ್ಟ್ರ ಫಿಲ್ಮ್ ಕಂಪನಿಗೆ ಹಣ ಕೊಟ್ಟವರು ಗಾಯಕಿ ತಾನೀಬಾಯಿ ಕಾಗಲಕರ್. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವವರೆಲ್ಲ ದಾಟಿ ಹೋಗುವ ಕಾಗಲದ ಹೆಸರನ್ನು ತನ್ನ ಹೆಸರಿನಲ್ಲಿ ಹೊತ್ತ ಈ ಹೆಣ್ಣುಮಗಳನ್ನು ಸಿನಿಮಾ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಸಿರಿವಂತರು ಹಿಂದೆ ಸರಿಯುವ ಕಾಲದಲ್ಲಿ ಹಾಡಿ ಗಳಿಸಿದ ಹಣವನ್ನು ಒಬ್ಬ ಪರದೆ ಚಿತ್ರಕಾರನ ಕನಸಿಗೆ ಕೊಟ್ಟಳೆಂಬುದು ಒಂದು ಸಾಲಿನ ಮಾತೆಂದು ನನಗನಿಸುವುದಿಲ್ಲ.

ಮೊದಲ ಚಿತ್ರ ಸೈರಂಧ್ರಿ 1920ರ ಫೆಬ್ರುವರಿಯಲ್ಲಿ ಪುಣೆಯ ಆರ್ಯನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ವಿರಾಟನಗರಿಯಲ್ಲಿ ದ್ರೌಪದಿಗಾದ ಅವಮಾನ, ಭೀಮನಿಂದ ಕೀಚಕನ ವಧೆ. ಗದುಗಿನ ಭಾರತ ಕೇಳಿ ಬೆಳೆದ ನಮ್ಮ ಮನೆಗಳಿಗೆ ಹೊಸದಲ್ಲದ ಕಥೆ. ಆದರೆ ಆ ಕಾಲದಲ್ಲಿ ಈ ಕಥೆಗೆ ಬೇರೊಂದು ಅರ್ಥವಿತ್ತು. ಕೃ. ಪ್ರ. ಖಾಡಿಲ್ಕರರ ಕೀಚಕವಧ ನಾಟಕದಲ್ಲಿ ಕೀಚಕನೆಂದರೆ ಲಾರ್ಡ್ ಕರ್ಜನ್ ಎಂದು ಜನ ಓದಿಕೊಂಡಿದ್ದರು, ಸರ್ಕಾರ 1910ರಲ್ಲಿ ಆ ನಾಟಕವನ್ನೇ ನಿಷೇಧಿಸಿತ್ತು. ತೆರೆಯ ಮೇಲೆ ಕೀಚಕನ ವಧೆ ಎಷ್ಟು ನೈಜವಾಗಿ ಮೂಡಿತ್ತೆಂದರೆ ನೋಡುಗರು ಬೆಚ್ಚಿದರು, ದೃಶ್ಯಕ್ಕೆ ಕತ್ತರಿ ಬಿತ್ತು. ಲೋಕಮಾನ್ಯ ತಿಲಕರು ಬಾಬೂರಾವ್ ಅವರಿಗೆ ಸಿನಿಮಾ ಕೇಸರಿ ಎಂಬ ಬಿರುದಿತ್ತರು. ಅದೇ ವರ್ಷ ಆಗಸ್ಟಿನಲ್ಲಿ ತಿಲಕರು ತೀರಿಕೊಂಡರು.

ಬಿರುದಿನ ಮಾತನ್ನು ಎಲ್ಲರೂ ಹೇಳುತ್ತಾರೆ. ಈ ಚಿತ್ರದಲ್ಲಿ ನಟಿಸಿದ ಗುಲಾಬಬಾಯಿ, ಅನಸೂಯಾಬಾಯಿ ಎಂಬ ಇಬ್ಬರನ್ನೂ ನಮ್ಮ ಹೆಣ್ಣುಮಕ್ಕಳಿಗೆ ಪರಿಚಯಿಸಬೇಕು. ಫಾಳ್ಕೆಯವರ ಮೊದಲ ಚಿತ್ರದಲ್ಲಿ ತಾರಾಮತಿಯಾದವನು ಒಬ್ಬ ಗಂಡಸು. ಆ ಬಳಿಕ ಫಾಳ್ಕೆಯವರ ಮತ್ತೊಂದು ಚಿತ್ರದಲ್ಲಿ ಸ್ತ್ರೀಯರು ನಟಿಸಿದ್ದುಂಟು, ಆದರೂ ಲೋಕದ ಕಣ್ಣಿನಲ್ಲಿ ಅದು ಇನ್ನೂ ಹೀನ ಕಸುಬಾಗಿಯೇ ಇತ್ತು. ಗುಲಾಬಬಾಯಿ ಕಮಲಾದೇವಿಯೆಂದೂ ಅನಸೂಯಾಬಾಯಿ ಸುಶೀಲಾದೇವಿಯೆಂದೂ ಹೆಸರು ಬದಲಿಸಿಕೊಂಡರು. ಅವರ ಸಮುದಾಯ ಅವರನ್ನು ಹೊರಗಿಟ್ಟಿತು. ಇಬ್ಬರೂ ಸ್ಟುಡಿಯೋ ಆವರಣದಲ್ಲೇ ಆಶ್ರಯ ಪಡೆಯಬೇಕಾಯಿತು.

ಬಾಬೂರಾವ್ ಅವರ ಹಿರಿಮೆಯನ್ನು ಕಥೆಯಲ್ಲಿ ಹುಡುಕುವುದಕ್ಕಿಂತ ಬಿಂಬದಲ್ಲಿ ಹುಡುಕಬೇಕು. ಬದುಕಿಡೀ ಪರದೆ ಬರೆದವರು ಸಿನಿಮಾಕ್ಕೆ ಬಂದೊಡನೆ ಪರದೆಯನ್ನು ಕೆಳಗಿಳಿಸಿದರು. ಬಟ್ಟೆಯ ಮೇಲೆ ಬರೆದ ಅರಮನೆಯ ಬದಲು ಜನ ಓಡಾಡಬಹುದಾದ, ಬಾಗಿಲು ತೆರೆಯುವ, ನೆರಳು ಬೀಳುವ ಅರಮನೆಯನ್ನು ಕಟ್ಟಿಸಿದರು. ಚಿತ್ರೀಕರಣಕ್ಕೆ ಮುನ್ನ ಪ್ರತಿ ಪಾತ್ರದ ಉಡುಪನ್ನೂ ಚಲನೆಯನ್ನೂ ಭಂಗಿಯನ್ನೂ ಕಾಗದದ ಮೇಲೆ ತಾವೇ ಬರೆದಿಡುತ್ತಿದ್ದರು. ಸೆರಗು ಹೇಗೆ ಮಡಿಯಬೇಕು, ಪೇಟ ಎಷ್ಟು ಓರೆಯಾಗಬೇಕು, ಇವು ಅವರಿಗೆ ಅಲಂಕಾರದ ಪ್ರಶ್ನೆಗಳಾಗಿರಲಿಲ್ಲ. ಪಾತ್ರ ಯಾರೆಂಬುದನ್ನು ಬಟ್ಟೆಯೇ ಹೇಳಬೇಕು, ಏಕೆಂದರೆ ಪಾತ್ರಕ್ಕೆ ಬಾಯಿಲ್ಲ. 1923ರ ಸಿಂಹಗಡ ಚಿತ್ರದಲ್ಲಿ ಕೃತಕ ಬೆಳಕನ್ನು ಬಳಸಿದರು. ಅಲ್ಲಿಯವರೆಗೆ ನಮ್ಮ ಚಿತ್ರಗಳು ಸೂರ್ಯನನ್ನು ನಂಬಿ ನಡೆಯುತ್ತಿದ್ದವು. ಮೋಡ ಕವಿದರೆ ಕೆಲಸ ನಿಲ್ಲುತ್ತಿತ್ತು. ತಾನಾಜಿ ಇರುಳಿನಲ್ಲಿ ಕೋಟೆ ಹತ್ತಿದ ಕಥೆಗೆ ಇರುಳನ್ನು ತಾನೇ ಸೃಷ್ಟಿಸಬೇಕೆಂದು ಹೊರಟ ಚಿತ್ರಕಾರನಿಗೆ ದೀಪಗಳೇ ಕುಂಚವಾದವು.

ಇಲ್ಲಿ ಹೊರಲೋಕದ ಒಂದು ಸಂಗತಿಯನ್ನು ನೆನೆಯಬೇಕೆನಿಸುತ್ತದೆ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಲಂಡನ್, ನ್ಯೂಯಾರ್ಕ್ ನಗರಗಳ ಉಡುಪು ಮತ್ತು ಸೌಂದರ್ಯದ ಪತ್ರಿಕೆಗಳಿಗಾಗಿ ಕೆಲವರು ಕನಸಿನಂಥ ವಿಚಿತ್ರ ಛಾಯಾಚಿತ್ರಗಳನ್ನು ತೆಗೆದರು. ಎರ್ವಿನ್ ಬ್ಲೂಮೆನ್‌ಫೆಲ್ಡ್ ಎಂಬವರು 1950ರ ಜನವರಿಯ ವೋಗ್ ಪತ್ರಿಕೆಯ ಮುಖಪುಟದಲ್ಲಿ ಇಡೀ ಮುಖವನ್ನು ಬಿಳುಪಿನಲ್ಲಿ ಕರಗಿಸಿ ಒಂದು ಕಣ್ಣು, ತುಟಿ ಮತ್ತು ಮಚ್ಚೆಯನ್ನಷ್ಟೇ ಉಳಿಸಿದರು. ಆ್ಯಂಗಸ್ ಮೆಕ್‌ಬೀನ್ ಎಂಬವರು ಅದೇ ವರ್ಷ ಒಂದು ಜಾಹೀರಾತಿಗಾಗಿ ನಟಿ ಆಡ್ರಿ ಹೆಪ್‌ಬರ್ನ್‌ರನ್ನು ಭುಜದವರೆಗೆ ಮರಳಿನಲ್ಲಿ ಹುದುಗಿಸಿ, ಸುತ್ತಲೂ ಪುಟಾಣಿ ಕಂಬಗಳನ್ನು ನೆಟ್ಟು ತೆಗೆದ ಚಿತ್ರ ಇಂದಿಗೂ ಹೆಸರಾಗಿದೆ. ಈ ಮೆಕ್‌ಬೀನ್ ಮೊದಲು ನಾಟಕಗಳಿಗೆ ಮುಖವಾಡ, ರಂಗಸಜ್ಜು ಮಾಡಿಕೊಡುತ್ತಿದ್ದವರು. ರಂಗದ ಬಡಗಿ, ಬಣ್ಣಗಾರರ ಕೈ ಕ್ಯಾಮೆರಾದ ಹಿಂದೆ ಬಂದಾಗ ಕಣ್ಣು ಹೊಸ ಬಗೆಯಲ್ಲಿ ನೋಡತೊಡಗುತ್ತದೆ. ಅದಕ್ಕೆ ಮೂರು ದಶಕ ಮೊದಲೇ ಕೊಲ್ಹಾಪುರದಲ್ಲಿ, ಸ್ವಂತ ಕ್ಯಾಮೆರಾದೊಂದಿಗೆ, ಅಂಥ ಕೈಯೊಂದು ಕೆಲಸ ಮಾಡಿತ್ತು. ಲಂಡನ್ನಿನವರ ಚಿತ್ರಗಳು ಸಂಗ್ರಹಾಲಯಗಳಲ್ಲಿ ಉಳಿದವು. ನಮ್ಮವರದು ಉಳಿಯಲಿಲ್ಲ, ಆ ಸಂಗತಿಗೆ ಮುಂದೆ ಬರುತ್ತೇನೆ.

ಪ್ರಚಾರದಲ್ಲೂ ಅವರು ಚಿತ್ರಕಾರರಾಗಿಯೇ ಉಳಿದರು. 1921-22ರಲ್ಲೇ ಚಿತ್ರದ ವಿವರ, ಛಾಯಾಚಿತ್ರಗಳುಳ್ಳ ಕಿರುಪುಸ್ತಿಕೆಗಳನ್ನು ಹಂಚಿದರು, ಭಿತ್ತಿಪತ್ರಗಳನ್ನು ತಾವೇ ಬರೆದರು. 1924ರ ಕಲ್ಯಾಣ್ ಖಜಿನಾ ಚಿತ್ರದ ಭಿತ್ತಿಪತ್ರವನ್ನು ಈಗ ಉಳಿದಿರುವ ಭಾರತೀಯ ಸಚಿತ್ರ ಸಿನಿಮಾ ಭಿತ್ತಿಪತ್ರಗಳಲ್ಲಿ ಅತ್ಯಂತ ಹಳೆಯದೆಂದು ಗುರುತಿಸುತ್ತಾರೆ.

1925ರ ಸಾವಕಾರೀ ಪಾಶ ಚಿತ್ರದಲ್ಲಿ ದೇವರಿಲ್ಲ, ಅರಸನಿಲ್ಲ, ಮಾಯೆಯಿಲ್ಲ. ನಾರಾಯಣ ಹರಿ ಆಪಟೆಯವರ ಕಾದಂಬರಿಯ ಆಧಾರ. ಸಾಲ ಕೊಟ್ಟ ಸಾಹುಕಾರ ಮೋಸದಿಂದ ಹೊಲ ಕಿತ್ತುಕೊಳ್ಳುತ್ತಾನೆ; ರೈತ ಊರು ಬಿಟ್ಟು ನಗರಕ್ಕೆ ಹೋಗಿ ಗಿರಣಿ ಕೂಲಿಯಾಗುತ್ತಾನೆ. ರೈತನ ಪಾತ್ರದಲ್ಲಿದ್ದವರು, 1921ರ ಸುರೇಖಾ ಹರಣದಲ್ಲಿ ಮೊದಲು ತೆರೆಗೆ ಬಂದಿದ್ದ ಕೊಲ್ಹಾಪುರದ ತರುಣ ಶಾಂತಾರಾಮ. ಪುರಾಣದ ಕಿರೀಟಗಳನ್ನು ಅಷ್ಟು ಕಾಳಜಿಯಿಂದ ಬರೆದ ಕೈಯೇ ಇಲ್ಲಿ ರೈತನ ಬಡ ಉಡುಗೆಯನ್ನೂ ಗುಡಿಸಲನ್ನೂ ಬರೆಯಿತು. ಮುಂದೆ ತಾವೇ ದೊಡ್ಡ ನಿರ್ಮಾಪಕರಾದ ಜೆ. ಬಿ. ಎಚ್. ವಾಡಿಯಾ ಅವರಿಗೆ ಎಷ್ಟೋ ವರ್ಷಗಳ ಬಳಿಕವೂ ನೆನಪಿದ್ದ ದೃಶ್ಯವೊಂದಿದೆ: ಕತ್ತಲಲ್ಲಿ ಅದ್ದಿದ ಗುಡಿಸಲು, ಅದರ ಮುಂದೆ ಊಳಿಡುವ ನಾಯಿ. ಚಿತ್ರ ಮೂಕಿ, ಊಳು ಕೇಳಿಸುವಂತಿಲ್ಲ. ಆದರೂ ನೋಡಿದವರು ಅದನ್ನು ಕೇಳಿದರು.

ಈ ಕಥೆಯನ್ನು ಇಚಲಕರಂಜಿಯ ಪಾಲಕರ ಸಭೆಯೊಂದರಲ್ಲಿ ಹೇಳಿದ್ದೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಂದಿನಿಂದ ಆ ಊರಿಗೆ ಹೊಲ ಕಳೆದುಕೊಂಡವರು, ಮಳೆ ಕಳೆದುಕೊಂಡವರು ಬರುತ್ತಲೇ ಇದ್ದಾರೆ. ಅವರಲ್ಲಿ ಕನ್ನಡ ಮಾತಾಡುವ ಮನೆಗಳು ಬಹಳ. ಎರಡು ಪಾಳಿ ದುಡಿದು ಬಂದು ಕುಳಿತಿದ್ದ ತಂದೆಯೊಬ್ಬರು, ಹಾಗಾದರೆ ಇದು ನಮ್ಮಪ್ಪನ ಕಥೆಯೇ ಆಯಿತಲ್ಲ ಎಂದರು. ಆ ಸಭೆಯಲ್ಲಿ ಬಾಬೂರಾವ್ ಯಾವ ಭಾಷೆಯವರೆಂದು ಯಾರೂ ಕೇಳಲಿಲ್ಲ.

ಮೂಕಿ ಚಿತ್ರಕ್ಕೆ ಭಾಷೆಯ ಗೊಡವೆ ಕಡಿಮೆ. ನಡುನಡುವೆ ಬರುವ ಬರಹದ ಫಲಕಗಳನ್ನು ಎರಡು ಮೂರು ಲಿಪಿಗಳಲ್ಲಿ ಬರೆದರೆ ಚಿತ್ರ ಎಲ್ಲಿಗೂ ಹೋಗಬಹುದಿತ್ತು. ಓದು ಬಂದವರು ಗಟ್ಟಿಯಾಗಿ ಓದಿ ಪಕ್ಕದವರಿಗೆ ಹೇಳುತ್ತಿದ್ದರು. ಆ ಕಾಲ ಮುಗಿಯುತ್ತ ಬಂದಿತ್ತು. 1929ರಲ್ಲಿ ಶಾಂತಾರಾಮ, ದಾಮ್ಲೆ, ಫತ್ತೇಲಾಲ್, ಧಾಯಬರ್ ಕಂಪನಿಯನ್ನು ತೊರೆದು ಕೊಲ್ಹಾಪುರದಲ್ಲೇ ಪ್ರಭಾತ್ ಫಿಲ್ಮ್ ಕಂಪನಿಯನ್ನು ಸ್ಥಾಪಿಸಿದರು. ಗುರುವಿನ ಮನೆಯಿಂದ ಬಲಗೈಗಳೆಲ್ಲ ಒಟ್ಟಿಗೆ ಹೊರಟಂತಾಯಿತು. 1931ರ ಮಾರ್ಚಿನಲ್ಲಿ ಆಲಂ ಆರಾ ಮಾತನಾಡಿತು. ಪ್ರಭಾತ್‌ನವರು ಬೇಗನೆ ಮಾತನ್ನು ಒಲಿಸಿಕೊಂಡರು; ಮರಾಠಿಯ ಮೊದಲ ವಾಕ್ಚಿತ್ರ ಅವರದೇ. ಬಾಬೂರಾವ್ ಅವರಿಗೆ ಮಾತು ಬೇಕಿರಲಿಲ್ಲ. ಬಿಂಬದಲ್ಲಿ ಹೇಳಬೇಕಾದುದನ್ನು ನಟರು ಬಾಯಲ್ಲಿ ಹೇಳಿ ಮುಗಿಸಿದರೆ ಕಣ್ಣಿನ ಕಲೆ ಸಾಯುತ್ತದೆಂಬುದು ಅವರ ಅಳುಕು. ಮಹಾರಾಷ್ಟ್ರ ಫಿಲ್ಮ್ ಕಂಪನಿ ಮುಚ್ಚಿತು.

ನಮ್ಮ ಪಾಲಿಗೆ ಇಲ್ಲೊಂದು ವಿಚಿತ್ರ ತಿರುವಿದೆ. ಆ ಕಾಲದ ಕೊಲ್ಹಾಪುರದಲ್ಲಿ ಸ್ಟುಡಿಯೋಗಳಿದ್ದವು, ಕೆಲಸ ಬಲ್ಲ ಕೈಗಳಿದ್ದವು. ಬೆಂಗಳೂರಿನಲ್ಲಿ ಇನ್ನೂ ಅಂಥ ಅನುಕೂಲವಿರಲಿಲ್ಲ. ಹೀಗಾಗಿ ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡ ಸತಿ ಸುಲೋಚನದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಿರ್ಮಾಪಕರು ಚಮನ್‌ಲಾಲ್ ಡುಂಗಾಜಿ, ನಿರ್ದೇಶಕರು ವೈ. ವಿ. ರಾವ್, ಮಾತು ಮತ್ತು ಹಾಡು ಬೆಳ್ಳಾವೆ ನರಹರಿಶಾಸ್ತ್ರಿಗಳವು. ಸುಬ್ಬಯ್ಯನಾಯ್ಡು ಇಂದ್ರಜಿತುವಾದರು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಅದು ತೆರೆಕಂಡಾಗ ಜನ ಕೇಳಿದ ಕನ್ನಡ, ಕೊಲ್ಹಾಪುರದ ಗೋಡೆಗಳ ನಡುವೆ ನುಡಿದ ಕನ್ನಡ. ಮಾತಿನಿಂದ ಒಬ್ಬ ಹಿರಿಯ ಕಲಾವಿದ ಹಿಂದೆ ಸರಿಯುತ್ತಿದ್ದ ಅದೇ ಊರಿನಲ್ಲಿ ನಮ್ಮ ಭಾಷೆಯ ಸಿನಿಮಾಕ್ಕೆ ಮಾತು ಬಂತು. ಯಾವ ಪಠ್ಯದಲ್ಲೂ ನನ್ನ ಮಕ್ಕಳು ಇದನ್ನು ಓದಿಲ್ಲ.

ಬಾಬೂರಾವ್ ಸಂಪೂರ್ಣವಾಗಿ ಸುಮ್ಮನಾದರೆಂದು ಹೇಳಲಾಗದು. ಶಾಲಿನಿ ಸಿನೆಟೋನಿಗಾಗಿ 1935ರಲ್ಲಿ ಉಷಾ ಮಾಡಿದರು, ಮರುವರ್ಷ ಸಾವಕಾರೀ ಪಾಶವನ್ನು ಮಾತಿನೊಂದಿಗೆ ಮತ್ತೆ ತೆಗೆದರು, 1937ರಲ್ಲಿ ಪ್ರತಿಭಾ ಬಂತು. ಮಾತು ಸೇರಿದ ಸಾವಕಾರೀ ಪಾಶಕ್ಕೆ ಮೂಕಿಯ ಕೀರ್ತಿ ದಕ್ಕಲಿಲ್ಲ. ಹಳೆಯ ಶಿಷ್ಯ ಶಾಂತಾರಾಮರ ಕರೆಯಂತೆ 1947ರ ಲೋಕಶಾಹೀರ ರಾಮಜೋಶಿ ಚಿತ್ರದ ನಿರ್ದೇಶನದಲ್ಲಿ ಕೈಜೋಡಿಸಿದರು. 1952ರ ವಿಶ್ವಾಮಿತ್ರ ಅವರ ಕೊನೆಯ ಚಿತ್ರ. ಈ ಎಲ್ಲದರ ನಡುವೆ ಅವರು ಕುಂಚವನ್ನೂ ಉಳಿಯನ್ನೂ ಬಿಡಲಿಲ್ಲ. ಕೊಲ್ಹಾಪುರದ ಶಿವಾಜಿ ಚೌಕದಲ್ಲಿ 1945ರಲ್ಲಿ ಸ್ಥಾಪಿತವಾದ ಶಿವಾಜಿ ಮಹಾರಾಜರ ಪುತ್ಥಳಿ ಅವರ ಕೈಯದು. 1954ರ ಜನವರಿ 16ರಂದು, ಹುಟ್ಟಿದ ಊರಿನಲ್ಲೇ, ತೀರಿಕೊಂಡರು.

ಅವರ ಮೂಕಿ ಚಿತ್ರಗಳು ಬಹುಪಾಲು ನಾಶವಾಗಿವೆ. ಆಗಿನ ಫಿಲ್ಮು ನೈಟ್ರೇಟಿನದು: ಬೇಗ ಹೊತ್ತಿಕೊಳ್ಳುತ್ತದೆ, ತೇವದಲ್ಲಿ ಅಂಟಂಟಾಗಿ ಕೊಳೆಯುತ್ತದೆ, ಕೊನೆಗೆ ಪುಡಿಯಾಗುತ್ತದೆ. ಓಡುವ ದಿನ ಮುಗಿದ ಹಳೆಯ ಚಿತ್ರಗಳನ್ನು ಅವುಗಳಲ್ಲಿದ್ದ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಗುಡಿಸಲಿನ ಮುಂದೆ ಊಳಿಟ್ಟ ಆ ನಾಯಿಯನ್ನು ಇನ್ನು ನಾವಾರೂ ನೋಡಲಾರೆವು. ಪೆಟ್ಟಿಗೆ ಹೊತ್ತ ಮಂಡಳಿಗಳೊಂದಿಗೆ ಊರೂರು ತಿರುಗಿದ ಪರದೆಗಳ ಗತಿಯೂ ಅಷ್ಟೇ. ಕೇಶವರಾವ್ ಭೋಸಲೆಯವರ ಹೆಸರಿನ ಕೊಲ್ಹಾಪುರದ ಹಳೆಯ ನಾಟ್ಯಗೃಹ ಕೂಡ 2024ರ ಆಗಸ್ಟಿನಲ್ಲಿ ಬೆಂಕಿಗೆ ತುತ್ತಾಯಿತು.

ಪ್ರಶ್ನೆ ಕೇಳಿದ ಹುಡುಗಿ ಈಗ ಕೊಲ್ಹಾಪುರದಲ್ಲೇ ಕಾಲೇಜು ಓದುತ್ತಿದ್ದಾಳೆ. ಕಳೆದ ದೀಪಾವಳಿಗೆ ಊರಿಗೆ ಬಂದಾಗ ಶಾಲೆಗೂ ಬಂದಿದ್ದಳು. ಬಾಬೂರಾವ್ ಬಗ್ಗೆ ಅಂದು ಹೇಳದೆ ಬಿಟ್ಟದ್ದನ್ನೆಲ್ಲ ಹೇಳಿದೆ. ಕೊನೆಯಲ್ಲಿ ಅವಳು ಕೇಳಿದ್ದು, ಕನ್ನಡದ ಮೊದಲ ಮಾತು ನುಡಿದ ಆ ಸ್ಟುಡಿಯೋ ಕೊಲ್ಹಾಪುರದಲ್ಲಿ ಯಾವ ಕಡೆಗಿತ್ತು ಎಂದು. ಹುಡುಕಿ ನೋಡಿ ನೀನೇ ನನಗೆ ತಿಳಿಸು ಎಂದಿದ್ದೇನೆ.